ಗೇಟ್ ತೆರೆಯದಿದ್ದರೆ ಮೋಟಾರನ್ನು ಕೊನೆಗೆ ನೋಡಿ

ಸ್ವಯಂಚಾಲಿತ ಗೇಟುಗಳ ರಿಪೇರಿ ಮಾಡುವ ನನ್ನಂಥವರಿಗೆ ಚಿಕ್ಕಮಗಳೂರಿನಲ್ಲಿ ವರ್ಷಕ್ಕೆ ಎರಡು ಸುಗ್ಗಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಬರುವ ಮಳೆಯ ಕಾಲ ಒಂದು, ಆರಿದ್ರಾ ಹಿಡಿದ ಮೇಲೆ ಬಿಡದೆ ಸುರಿಯುವ ಮುಂಗಾರಿನ ಕಾಲ ಇನ್ನೊಂದು. ಎರಡೂ ಕಾಲದಲ್ಲಿ ಫೋನಿನಲ್ಲಿ ಕೇಳಿಬರುವ ಮಾತು ಮಾತ್ರ ಒಂದೇ: ‘ಮೋಟಾರು ಹೋಗಿದೆ ಮಾರಾಯ್ರೆ, ಹೊಸದೇ ತಗೊಂಡು ಬಂದ್ಬಿಡಿ.’ ಹೋಗಿ ನೋಡಿದರೆ ನಿಜವಾಗಿಯೂ ಸುಟ್ಟಿರುವ ಮೋಟಾರು ಸಿಗುವುದು ಅಪರೂಪ.

ಕಳೆದ ಮಳೆಗಾಲದಲ್ಲಿ ಆಲ್ದೂರಿನಾಚೆಯ ತೋಟದ ಮನೆಯೊಂದರ ಗೇಟು ಮೂರಡಿ ಸರಿದು ನಿಲ್ಲುತ್ತಿತ್ತು, ಮರುಕ್ಷಣ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಬಗ್ಗಿ ನೋಡಿದಾಗ, ಹಳಿಯ ಮೇಲೆ ಉದುರಿದ ಸಿಲ್ವರ್ ಓಕ್ ಎಲೆಗಳು ಕೆಸರಿನೊಂದಿಗೆ ಕೊಳೆತು ಸಗಣಿ ಸಾರಿಸಿದಂತೆ ಮೆತ್ತಿಕೊಂಡಿದ್ದವು, ಅದರೊಳಗೆ ಅಡಿಕೆ ಗಾತ್ರದ ಜಲ್ಲಿಕಲ್ಲೊಂದು ಹುದುಗಿತ್ತು. ಚಕ್ರ ಆ ಕಲ್ಲಿಗೆ ತಾಗಿದೊಡನೆ, ಗೇಟಿಗೆ ಯಾರೋ ಅಡ್ಡ ಸಿಕ್ಕಿದ್ದಾರೆ ಎಂದು ಮೋಟಾರನ್ನು ನಿಯಂತ್ರಿಸುವ ಬೋರ್ಡು ತಿಳಿದು, ತನಗೆ ಕಲಿಸಿದಂತೆ ಗೇಟನ್ನು ಹಿಂದಕ್ಕೆ ಕಳಿಸುತ್ತಿತ್ತು. ಮೋಟಾರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಹಾಗಾಗಿ ಇಲ್ಲಿ ಹೇಳುವ ಪರೀಕ್ಷೆಯ ಕ್ರಮ ಗೇಟಿನಿಂದ ಆರಂಭವಾಗಿ ಬೋರ್ಡಿನಲ್ಲಿ ಮುಗಿಯುತ್ತದೆ, ಅದನ್ನು ತಲೆಕೆಳಗು ಮಾಡಿದವರು ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಕರೆಂಟ್ ತೆಗೆಯಿರಿ, ಪೂರ್ತಿಯಾಗಿ

ಎಂಸಿಬಿ ಇಳಿಸಿದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ, ಅದು ಸಾಲದು. ಬ್ಯಾಟರಿ ಬ್ಯಾಕಪ್ ಇರುವ ಗೇಟು ಕರೆಂಟ್ ಇಲ್ಲದಿದ್ದರೂ ಓಡುತ್ತದೆ, ಆದ್ದರಿಂದ ಮೋಟಾರಿನ ಮುಚ್ಚಳ ತೆಗೆದು ಬ್ಯಾಟರಿಯ ಒಂದು ವೈರನ್ನೂ ಬಿಚ್ಚಬೇಕು. ಸ್ಮಾರ್ಟ್ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಗೇಟು ಮೊಬೈಲ್ ಆ್ಯಪ್‌ಗೆ ಜೋಡಣೆಯಾಗಿರುವಾಗ, ನೀವು ಹಲ್ಲುಚಕ್ರದ ಬಳಿ ಕೈಯಿಟ್ಟಿರುವುದು ಬೆಂಗಳೂರಿನಲ್ಲಿ ಕುಳಿತ ಮಗನಿಗೆ ಹೇಗೆ ಗೊತ್ತಾಗಬೇಕು? ಕೊರಿಯರ್‌ನವರು ಬಂದಿದ್ದಾರೆಂದು ಆತ ಅಲ್ಲಿಂದಲೇ ಗುಂಡಿ ಒತ್ತಬಹುದು. ರಿಮೋಟ್ ಮತ್ತು ಆ್ಯಪ್ ಇರುವ ಎಲ್ಲರಿಗೂ ಮೊದಲೇ ಹೇಳಿಡಿ. 230 ವೋಲ್ಟ್ ಎಸಿ ಮೋಟಾರಾದರೆ ಅದರ ಕೆಪಾಸಿಟರಿನಲ್ಲಿ ಕರೆಂಟ್ ತೆಗೆದ ಮೇಲೂ ವಿದ್ಯುತ್ತು ಉಳಿದಿರಬಹುದಾದ್ದರಿಂದ, ಅದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಸ್ಕ್ರೂಡ್ರೈವರ್ ಅಡ್ಡವಿಟ್ಟು ಕಿಡಿ ಹಾರಿಸುವ ಹಳೆಯ ಅಭ್ಯಾಸವನ್ನೂ ಬಿಡಬೇಕು, ಹೋಲ್ಡರಿಗೆ ಹಾಕಿದ ಸಾಮಾನ್ಯ ಫಿಲಮೆಂಟ್ ಬಲ್ಬಿನ ಎರಡು ವೈರುಗಳನ್ನು ಆ ತುದಿಗಳಿಗೆ ತಾಗಿಸಿದರೆ ಕೆಪಾಸಿಟರು ಸದ್ದಿಲ್ಲದೆ ಖಾಲಿಯಾಗುತ್ತದೆ.

ಮೋಟಾರನ್ನು ಬಿಡಿಸಿ, ಗೇಟನ್ನು ಕೈಯಿಂದ ತಳ್ಳಿ

ಪ್ರತಿ ಮೋಟಾರಿಗೂ ಕೀಲಿ ಹಾಕಿ ತಿರುಗಿಸುವ ಒಂದು ಬಿಡುಗಡೆ ಹಿಡಿಕೆ ಇರುತ್ತದೆ. ಅದನ್ನು ಎಳೆದರೆ ಮೋಟಾರಿಗೂ ಗೇಟಿಗೂ ಸಂಬಂಧ ತಪ್ಪುತ್ತದೆ. ಆದರೆ ಅದನ್ನು ಎಳೆಯುವ ಮೊದಲು ಹಳಿಯ ಎರಡೂ ತುದಿಗಳಲ್ಲಿ ಗೇಟನ್ನು ತಡೆಯುವ ಸ್ಟಾಪರ್ ಇದೆಯೇ, ಮೇಲ್ಗಡೆ ಗೇಟನ್ನು ಹಿಡಿದಿರುವ ರೋಲರುಗಳು ಭದ್ರವಾಗಿವೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ನಮ್ಮ ಇಳಿಜಾರಿನ ಊರುಗಳಲ್ಲಿ ಮೋಟಾರಿನ ಹಿಡಿತವೊಂದರಿಂದಲೇ ನಿಂತಿರುವ ಗೇಟುಗಳಿವೆ, ಹಿಡಿತ ಬಿಟ್ಟೊಡನೆ ಅವು ತಾವಾಗಿ ಜಾರಿ ಹಳಿ ತಪ್ಪುತ್ತವೆ. ಐನೂರು ಕಿಲೋ ಕಬ್ಬಿಣ ಮೈಮೇಲೆ ಬಿದ್ದರೆ ರಿಪೇರಿಯ ಮಾತು ಉಳಿಯುವುದಿಲ್ಲ.

ಇದೆಲ್ಲ ಸರಿಯಿದ್ದರೆ ಗೇಟನ್ನು ಒಂದೇ ಕೈಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಳ್ಳಿ ನೋಡಿ. ಉದ್ದಕ್ಕೂ ಒಂದೇ ಬಿಗಿಯಲ್ಲಿ ಸರಿಯಬೇಕು, ನಡುವೆ ಬಿಟ್ಟರೆ ಅಲ್ಲಿಯೇ ನಿಲ್ಲಬೇಕು. ಎಲ್ಲಿಯಾದರೂ ತಡೆದರೆ ಆ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಕೆಳಗಿನ ಹಳಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹಳಿ ಚೊಕ್ಕಟವಾದ ಮೇಲೂ ಕರಕರ ಸದ್ದು ಬಂದರೆ ಚಕ್ರದ ಬೇರಿಂಗ್‌ಗೆ ನೀರು ಸೇರಿ ತುಕ್ಕು ಹಿಡಿದಿದೆ ಎಂದರ್ಥ, ಅದಕ್ಕೆ ಎಣ್ಣೆ ಬಿಡುವುದು ನಾಲ್ಕು ದಿನದ ಉಪಚಾರವಾದ್ದರಿಂದ ಚಕ್ರವನ್ನೇ ಬದಲಿಸುವುದು ಒಳ್ಳೆಯದು. ಎರಡು ಬಾಗಿಲುಗಳು ತೆರೆದುಕೊಳ್ಳುವ ಗೇಟಾದರೆ ಕೀಲುಗಳನ್ನು ನೋಡಬೇಕು. ಮಳೆಗೆ ಮಣ್ಣು ಸಡಿಲಗೊಂಡು ಕಂಬ ಒಂದಂಗುಲ ವಾಲಿದರೂ ಬಾಗಿಲಿನ ತುದಿ ನೆಲಕ್ಕೆ ತಾಗಿ ಉಜ್ಜುತ್ತದೆ, ಆಗ ಕಂಬವನ್ನು ನೆಟ್ಟಗೆ ಮಾಡದೆ ಮೋಟಾರಿನ ಬಲ ಹೆಚ್ಚಿಸುವುದು ಕುಂಟುವ ಎತ್ತಿಗೆ ಇನ್ನೆರಡು ಮೂಟೆ ಹೇರಿದಂತೆ.

ಸರಿಯುವ ಗೇಟಿನಲ್ಲಿ ನೋಡಲೇಬೇಕಾದ ಇನ್ನೊಂದು ಜಾಗ, ಗೇಟಿಗೆ ಉದ್ದಕ್ಕೆ ಕೂರಿಸಿರುವ ಹಲ್ಲುಪಟ್ಟಿಯಾದ ರ್‍ಯಾಕ್ ಮತ್ತು ಮೋಟಾರಿನ ಹಲ್ಲುಚಕ್ರವಾದ ಪಿನಿಯನ್ ಇವೆರಡರ ನಡುವಿನ ಸಂದು. ಅದು 1ರಿಂದ 2 ಮಿಲಿಮೀಟರ್ ಇರಬೇಕು. ಅಳತೆಗೆ ಬೇರೆ ಸಾಧನ ಬೇಕಿಲ್ಲ, ಎರಡು ಎಟಿಎಂ ಕಾರ್ಡುಗಳನ್ನು ಜೋಡಿಸಿದರೆ ಸುಮಾರು ಒಂದೂವರೆ ಮಿಲಿಮೀಟರ್ ಆಗುತ್ತದೆ. ಕಾಲಕ್ರಮದಲ್ಲಿ ಚಕ್ರಗಳು ಸವೆದು ಗೇಟು ಕೆಳಗಿಳಿದಂತೆ ಈ ಸಂದು ಮುಚ್ಚಿಹೋಗಿ ಗೇಟಿನ ಭಾರವೆಲ್ಲ ಪಿನಿಯನ್ನಿನ ಮೇಲೆ ಕೂರುತ್ತದೆ, ಗೇರ್‌ಬಾಕ್ಸುಗಳು ಹಾಳಾಗುವುದಕ್ಕೆ ನಾನು ಕಂಡಿರುವ ಮುಖ್ಯ ಕಾರಣ ಇದೇ. ರ್‍ಯಾಕಿನ ಬೋಲ್ಟುಗಳನ್ನು ಸಡಿಲಿಸಿ ಮೇಲೆತ್ತಿ ಮತ್ತೆ ಬಿಗಿಗೊಳಿಸಿದರೆ ಸಾಕು. ಹಲ್ಲುಗಳಿಗೆ ಗ್ರೀಸ್ ಬಳಿಯಬೇಡಿ, ಗ್ರೀಸಿಗೆ ಧೂಳು ಮರಳು ಅಂಟಿಕೊಂಡು ಹಲ್ಲುಗಳನ್ನು ಅರದಂತೆ ಸವೆಸುತ್ತದೆ.

ಗೇಟು ಹಗುರವಾಗಿ ಸರಿಯುತ್ತಿದೆ, ಆದರೂ ಮೋಟಾರು ಓಡುತ್ತಿಲ್ಲ ಎಂದಾದರೆ ಆಗ ಕರೆಂಟಿನ ಕಡೆ ತಿರುಗಬೇಕು. ಇಲ್ಲಿಂದ ಮುಂದಿನ ಅಳತೆಗಳನ್ನು ವಿದ್ಯುತ್ ಕೆಲಸ ತಿಳಿದವರೇ ಮಾಡಬೇಕು. ತೋಟದ ಮನೆಗಳಲ್ಲಿ ಮುಖ್ಯ ಬೋರ್ಡಿನಿಂದ ಗೇಟಿಗೆ ಎಷ್ಟೋ ದೂರ ತೆಳುವಾದ ಕೇಬಲ್ ಎಳೆದಿರುತ್ತಾರೆ. ಸುಮ್ಮನಿದ್ದಾಗ ಮಲ್ಟಿಮೀಟರಿನಲ್ಲಿ 230 ವೋಲ್ಟ್ ತೋರಿಸುವ ಆ ಲೈನು, ಮೋಟಾರು ಹೊರಡುವ ಕ್ಷಣದಲ್ಲಿ 170ಕ್ಕೆ ಕುಸಿಯುವುದನ್ನು ನಾನೇ ನೋಡಿದ್ದೇನೆ, ಆದ್ದರಿಂದ ಗೇಟು ಓಡಿಸುತ್ತಲೇ ವೋಲ್ಟೇಜ್ ಅಳೆಯಬೇಕು. ವೋಲ್ಟೇಜ್ ಸರಿಯಿದ್ದೂ ಎಸಿ ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಹತ್ತರಲ್ಲಿ ಎಂಟು ಸಲ ಅದು ಕೆಪಾಸಿಟರಿನ ದೋಷ, ಮನೆಯ ಫ್ಯಾನು ನಿಧಾನವಾಗುವುದೂ ಇದೇ ಕಾರಣಕ್ಕೆ. ಅದರ ಮೈಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್‌ನ, ಕಡಿಮೆಯಿಲ್ಲದ ವೋಲ್ಟೇಜಿನ ಹೊಸದನ್ನು ಹಾಕಬೇಕು. ಮದುವೆ ಮನೆಯಲ್ಲಿ ಗೇಟು ಮೇಲಿಂದ ಮೇಲೆ ಓಡಿ ಸತ್ತಂತೆ ನಿಂತರೆ ಗಾಬರಿ ಬೇಡ, ಎಸಿ ಮೋಟಾರಿನೊಳಗಿನ ಶಾಖದ ರಕ್ಷಕ ಕರೆಂಟ್ ಕಡಿದಿರುತ್ತದೆ, ಅರ್ಧ ಗಂಟೆ ತಣಿಯಲು ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

24 ವೋಲ್ಟ್ ಡಿಸಿ ಮೋಟಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಚಿಕ್ಕ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ 12.6 ವೋಲ್ಟಿನ ಮೇಲೆ ತೋರಿಸಬೇಕು. ಗೇಟು ಓಡುವಾಗ 10.5ಕ್ಕಿಂತ ಕೆಳಗಿಳಿದರೆ ಅದರ ಆಯಸ್ಸು ಮುಗಿದಂತೆ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ.

ತೆರೆಯುತ್ತದೆ, ಮುಚ್ಚುವುದಿಲ್ಲ

ಈ ಒಂದು ಲಕ್ಷಣ ಕೇಳಿದರೆ ಫೋನಿನಲ್ಲೇ ದೋಷ ಹೇಳಬಹುದು. ಗೇಟಿನ ಎರಡು ಪಕ್ಕದ ಕಂಬಗಳಲ್ಲಿ ಎದುರುಬದುರಾಗಿ ಕೂರಿಸಿರುವ ಫೋಟೊ ಸೆನ್ಸರುಗಳ ನಡುವೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹರಿಯುತ್ತಿರುತ್ತದೆ, ಅದು ಕಡಿದರೆ ಯಾರೋ ದಾರಿಯಲ್ಲಿದ್ದಾರೆಂದು ತಿಳಿದು ಬೋರ್ಡು ಗೇಟನ್ನು ಮುಚ್ಚಲು ಬಿಡುವುದಿಲ್ಲ. ತೆರೆಯುವುದಕ್ಕೆ ಸಾಮಾನ್ಯವಾಗಿ ಈ ತಡೆ ಇರುವುದಿಲ್ಲ. ನಮ್ಮಲ್ಲಿ ಕಿರಣವನ್ನು ಕಡಿಯುವವರು ಯಾರೆಂದರೆ, ಜೇಡ. ಬೆಳಗಿನ ಹೊತ್ತು ಸೆನ್ಸರಿನ ಗಾಜಿನೆದುರು ಕಟ್ಟಿದ ಬಲೆಯ ಮೇಲೆ ಮಂಜಿನ ಹನಿಗಳು ಸಾಲಾಗಿ ಕೂತಿರುತ್ತವೆ. ನೋಡಲು ಚೆಂದ, ಆದರೆ ಬಿಸಿಲೇರಿ ಹನಿ ಆರುವತನಕ ಗೇಟು ಮುಚ್ಚುವುದಿಲ್ಲ. ‘ಬೆಳಿಗ್ಗೆ ಕೈಕೊಡುತ್ತದೆ, ಹತ್ತು ಗಂಟೆಗೆ ಸರಿಯಾಗುತ್ತದೆ’ ಎಂಬ ದೂರಿನ ಹಿಂದೆ ಇರುವುದು ಇದು, ಇಲ್ಲವೇ ಗಾಜಿನ ಒಳಭಾಗದಲ್ಲಿ ಕಟ್ಟಿದ ಆವಿ.

ಮೆತ್ತನೆಯ ಬಟ್ಟೆಯಿಂದ ಎರಡೂ ಗಾಜುಗಳನ್ನು ಒರೆಸಿ. ಒಳಗೆ ಆವಿಯಿದ್ದರೆ ಮುಚ್ಚಳ ಬಿಚ್ಚಿ ಒಣಗಿಸಿ, ವೈರು ಒಳಬರುವ ತೂತನ್ನು ಸಿಲಿಕಾನ್‌ನಿಂದ ಮುಚ್ಚಿ. ಬಳಿಕ ಕೈಯನ್ನು ಕಿರಣಕ್ಕೆ ಅಡ್ಡ ಹಿಡಿದು ತೆಗೆದಾಗ ಸೆನ್ಸರಿನೊಳಗಿನ ಚಿಕ್ಕ ವಿದ್ಯುತ್ ಸ್ವಿಚ್ಚಾದ ರಿಲೇ ಟಿಕ್ ಎನ್ನುವ ಸದ್ದು ಕೇಳಬೇಕು. ಕೇಳದಿದ್ದರೆ ಎರಡರ ಮುಖಗಳು ನೇರವಾಗಿಲ್ಲ, ಇಲ್ಲವೇ ಸೆನ್ಸರಿಗೆ ಸಪ್ಲೈ ಬರುತ್ತಿಲ್ಲ. ಸಂಜೆಯ ಬಿಸಿಲು ನೇರವಾಗಿ ಕಿರಣ ಪಡೆಯುವ ಸೆನ್ಸರಿನ ಕಣ್ಣಿಗೆ ಬೀಳುತ್ತಿದ್ದರೆ ಎರಡನ್ನೂ ಅದಲುಬದಲು ಮಾಡಿದರೆ ತೊಂದರೆ ತಪ್ಪುತ್ತದೆ.

ದೋಷ ಸೆನ್ಸರಿನದೇ ಎಂದು ಖಚಿತಪಡಿಸಿಕೊಳ್ಳಲು ಬೋರ್ಡಿನಲ್ಲಿ ಅದರ ಎರಡು ತುದಿಗಳನ್ನು ತುಂಡು ವೈರಿನಿಂದ ಜೋಡಿಸಿ ನೋಡುವ ಪದ್ಧತಿ ನಮ್ಮ ವೃತ್ತಿಯಲ್ಲಿದೆ. ನೋಡಿದ ಕೂಡಲೇ ಆ ತುಂಡನ್ನು ತೆಗೆಯಲೇಬೇಕು. ಅದನ್ನು ಹಾಗೆಯೇ ಬಿಟ್ಟು, ಗೇಟು ‘ಸರಿಯಾಯಿತು’ ಎಂದು ದುಡ್ಡು ತೆಗೆದುಕೊಂಡು ಹೋದವರ ಹಿಂದೆ ನಾನು ಹಲವು ಮನೆಗಳಿಗೆ ಹೋಗಿದ್ದೇನೆ. ಅಂಗಳದಲ್ಲಿ ಆಡುವ ಮಕ್ಕಳಿರುವ ಮನೆಯಲ್ಲಿ ಕುರುಡು ಗೇಟಿಗಿಂತ ಕೆಟ್ಟುನಿಂತ ಗೇಟು ಎಷ್ಟೋ ಮೇಲು.

ಗೇಟು ತುದಿಗೆ ಬಂದು ಡಬ್ ಎಂದು ಬಡಿಯುತ್ತಿದ್ದರೆ, ಇಲ್ಲವೇ ಒಂದಡಿ ಮೊದಲೇ ನಿಲ್ಲುತ್ತಿದ್ದರೆ, ಅದು ಗೇಟು ಎಲ್ಲಿ ನಿಲ್ಲಬೇಕೆಂದು ಹೇಳುವ ಲಿಮಿಟ್ ಸ್ವಿಚ್ಚಿನ ವಿಷಯ. ರ್‍ಯಾಕಿನ ಮೇಲೆ ಎರಡು ತುದಿಗಳಲ್ಲಿ ಕೂರಿಸಿರುವ ಅಯಸ್ಕಾಂತ ಅಥವಾ ತಗಡಿನ ತುಂಡು ಜಾರಿರುತ್ತದೆ. ಸರಿಸಿ ಬಿಗಿ ಮಾಡಿ. ಅಯಸ್ಕಾಂತ ಕಳಚಿದ್ದರೆ ಮೊದಲಿದ್ದ ಮುಖವನ್ನೇ ಮೋಟಾರಿನ ಕಡೆಗೆ ತಿರುಗಿಸಿ ಕೂರಿಸಬೇಕು.

ರಿಮೋಟು, ಆ್ಯಪು ಮತ್ತು ವೈಫೈ

ರಿಮೋಟಿನ ಸೆಲ್ ಬದಲಿಸದೆ ಯಾರನ್ನೂ ಕರೆಯಬೇಡಿ. ಕೆಂಪು ದೀಪ ಹತ್ತುತ್ತದೆ ಎಂದ ಮಾತ್ರಕ್ಕೆ ಸೆಲ್ ಸರಿಯಿದೆ ಎಂದಲ್ಲ. ಮೊದಲು ಐವತ್ತು ಅಡಿಯಿಂದ ಕೆಲಸ ಮಾಡುತ್ತಿದ್ದ ಎಲ್ಲ ರಿಮೋಟುಗಳೂ ಈಗ ಗೇಟಿನ ಹತ್ತಿರ ಬಂದರೆ ಮಾತ್ರ ಕೇಳುತ್ತವೆ ಎಂದಾದರೆ ಬೋರ್ಡಿನ ಆಂಟೆನಾ ವೈರನ್ನು ನೋಡಿ. ಇಂಥ ರಿಮೋಟುಗಳಲ್ಲಿ ಹೆಚ್ಚಿನವು 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಅದಕ್ಕೆ ಸುಮಾರು 17 ಸೆಂಟಿಮೀಟರ್ ಉದ್ದದ ಆಂಟೆನಾ ವೈರು ಬೇಕು. ಇಲಿ ಅದನ್ನು ಅರ್ಧ ಕಡಿದಿದ್ದರೆ ಅದೇ ಅಳತೆಯ ಹೊಸ ವೈರು ಹಾಕಿದರೆ ಮುಗಿಯಿತು. ಹೊಸ ರಿಮೋಟನ್ನು ಗುರುತಿಸಲು ಕಲಿಸುವ ಬೋರ್ಡಿನ ಮೇಲಿನ ಗುಂಡಿಯನ್ನು ಕುತೂಹಲಕ್ಕೂ ಒತ್ತಿ ಹಿಡಿಯಬಾರದು, ಅನೇಕ ಬೋರ್ಡುಗಳಲ್ಲಿ ಹಾಗೆ ಮಾಡಿದರೆ ಮನೆಯ ಎಲ್ಲ ರಿಮೋಟುಗಳ ನೆನಪೂ ಅಳಿಸಿಹೋಗುತ್ತದೆ.

ರಿಮೋಟಿಗೆ ಗೇಟು ತೆರೆದು ಆ್ಯಪಿಗೆ ಮಾತ್ರ ತೆರೆಯದಿದ್ದರೆ ಗೇಟಿನಲ್ಲಿ ಏನೂ ಕೆಟ್ಟಿಲ್ಲ. ರೂಟರಿನ ಪಾಸ್‌ವರ್ಡ್ ಬದಲಾಗಿದೆಯೇ, ಕರೆಂಟ್ ಹೋದಾಗ ರೂಟರಿಗೆ ಯುಪಿಎಸ್ ಇದೆಯೇ, ಗೇಟಿನವರೆಗೆ 2.4 ಗಿಗಾಹರ್ಟ್ಸ್ ವೈಫೈ ತಲುಪುತ್ತಿದೆಯೇ ಎಂದು ನೋಡಿ, ಗೇಟನ್ನು ಆ್ಯಪಿಗೆ ಜೋಡಿಸುವ ಸ್ಮಾರ್ಟ್ ಪೆಟ್ಟಿಗೆಗಳಲ್ಲಿ ಬಹುಪಾಲು 5 ಗಿಗಾಹರ್ಟ್ಸ್ ಜಾಲವನ್ನು ಗುರುತಿಸುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, ಅಂಥ ಪೆಟ್ಟಿಗೆಯಾದ ಸ್ಮಾರ್ಟ್ ರಿಲೇ ಹಾಕಿಸಿದ ಮೇಲೆ ರಿಮೋಟೇ ಕೆಲಸ ಮಾಡದೆ ಗೇಟು ತೆರೆದುಕೊಂಡೇ ನಿಂತರೆ, ರಿಲೇಯನ್ನು ಒತ್ತಿ ಬಿಡುವ ಗುಂಡಿಯಂತಲ್ಲದೆ ಲೈಟಿನ ಸ್ವಿಚ್ಚಿನಂತೆ ಹೊಂದಿಸಿದ್ದಾರೆ ಎಂದು ತಿಳಿಯಿರಿ. ಯಾರೋ ಗುಂಡಿ ಒತ್ತಿ ಹಿಡಿದೇ ಇದ್ದಾರೆಂದು ಬೋರ್ಡು ಭಾವಿಸಿ ಬೇರೆ ಯಾವ ಆಜ್ಞೆಯನ್ನೂ ಕೇಳುವುದಿಲ್ಲ. ಆ್ಯಪಿನ ಸೆಟ್ಟಿಂಗಿನಲ್ಲಿ ಒತ್ತುವ ಅವಧಿಯನ್ನು ಅರ್ಧ ಅಥವಾ ಒಂದು ಸೆಕೆಂಡಿಗೆ ಇಳಿಸಬೇಕು.

ಕೊನೆಗೆ ಬೋರ್ಡು

ಮುಚ್ಚಳ ತೆಗೆದಾಗ ಕಾಣುವ ದೃಶ್ಯವೇ ಅರ್ಧ ಕತೆ ಹೇಳುತ್ತದೆ. ಬೆಚ್ಚಗಿನ ಜಾಗವೆಂದು ಇರುವೆಗಳು ಮೊಟ್ಟೆ ಸಮೇತ ರಿಲೇಗಳ ಸಂದಿಯಲ್ಲಿ ಬಿಡಾರ ಹೂಡಿರುತ್ತವೆ, ಕೆಲವೊಮ್ಮೆ ಎರಡು ತುದಿಗಳಿಗೆ ಅಡ್ಡಬಿದ್ದು ಕಡ್ಡಿಯಾದ ಹಲ್ಲಿ ಇರುತ್ತದೆ. ಕರೆಂಟ್ ಇಲ್ಲದಿರುವುದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡು ಮೃದುವಾದ ಬ್ರಷ್‌ನಿಂದ ಗುಡಿಸಿ, ಕೇಬಲ್ ಬರುವ ಪೈಪಿನ ಬಾಯಿಯನ್ನು ಭದ್ರವಾಗಿ ಮುಚ್ಚಿ. ನೆಲದೊಳಗಿನ ಆ ಪೈಪಿನಿಂದಲೇ ಇರುವೆಯೂ ಬರುತ್ತದೆ, ತೇವವೂ ಬರುತ್ತದೆ. ಆದರೆ ಪೆಟ್ಟಿಗೆಯ ತಳದಲ್ಲಿರುವ ನೀರು ಬಸಿಯುವ ತೂತನ್ನು ಮುಚ್ಚಬಾರದು.

ಸಿಡಿಲಿನ ಮಳೆಯ ಮರುದಿನ ಬೋರ್ಡು ಪೂರ್ತಿ ಸತ್ತಿದ್ದರೆ ಮೊದಲು ಫ್ಯೂಸು, ಆಮೇಲೆ ಸಪ್ಲೈ ಬರುವ ಜಾಗದಲ್ಲಿ ನಾಣ್ಯದಂತೆ ಕಾಣುವ ವ್ಯಾರಿಸ್ಟರ್ ನೋಡಿ. ವ್ಯಾರಿಸ್ಟರ್ ಸಿಡಿದು ಕಪ್ಪಾಗಿದ್ದರೆ ಅದು ಏಟನ್ನು ತಾನು ತಿಂದು ಉಳಿದದ್ದನ್ನು ಕಾಪಾಡಿರುವ ಸಾಧ್ಯತೆ ಇದೆ, ಅಷ್ಟನ್ನು ಬದಲಿಸಿದರೆ ಬೋರ್ಡು ಎದ್ದು ಕೂರಬಹುದು. ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನ ಫ್ಯೂಸೇ ಬೇಕು, ತಾಮ್ರದ ಎಳೆ ಸುತ್ತಿದರೆ ಮುಂದಿನ ಸಿಡಿಲಿಗೆ ಮೋಟಾರಿನ ಸುರುಳಿಯೇ ಬಲಿಯಾಗುತ್ತದೆ. ಬೋರ್ಡನ್ನೇ ಬದಲಿಸಬೇಕಾಗಿ ಬಂದರೆ, ಒಂದು ವೈರನ್ನೂ ಕಳಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಬೋರ್ಡಿನ ಜೊತೆ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕವನ್ನೂ ಹಾಕಿಸಿ, ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ಹೆಸರಿಗಷ್ಟೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಗೇಟನ್ನು ತುದಿಯವರೆಗೆ ಓಡಿಸಿ ದಾರಿಯನ್ನು ಮತ್ತೆ ಕಲಿಸಿ, ಮುಚ್ಚುವ ದಾರಿಯಲ್ಲಿ ಒಂದು ಮರದ ತುಂಡನ್ನು ನಿಲ್ಲಿಸಿ ನೋಡಬೇಕು. ತಾಗಿದ ಕೂಡಲೇ ಗೇಟು ನಿಂತು ಹಿಂದೆ ಸರಿಯಬೇಕು. ಮುಚ್ಚುವ ಅಂಚಿನ ಸಂದಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಗೇಟಿನ ಹೊಡೆತ 400 ನ್ಯೂಟನ್ ಮೀರಬಾರದೆಂದು ಯುರೋಪಿನ ಮಾನದಂಡ ಹೇಳುತ್ತದೆ. ಸರಿಸುಮಾರು ನಲವತ್ತು ಕಿಲೋ ಭಾರ ಮೈಮೇಲೆ ಬಂದಂತೆ, ಅದೇನೂ ಕಡಿಮೆಯಲ್ಲ. ಮರದ ತುಂಡನ್ನು ಗೇಟು ತಳ್ಳಿಕೊಂಡು ಹೋದರೆ ಬಲವನ್ನು ಇಳಿಸಿ.

ಇನ್ನು ಬಿಡುಗಡೆ ಹಿಡಿಕೆಯ ಆ ಕೀಲಿ. ಅದೆಲ್ಲಿದೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ದೇವರ ಕೋಣೆಯ ಡ್ರಾಯರಿನಲ್ಲಿದೆ ಎಂಬ ಉತ್ತರ ಬರುತ್ತದೆ. ರಾತ್ರಿ ಮಳೆಯಲ್ಲಿ, ಕರೆಂಟ್ ಇಲ್ಲದೆ, ಬ್ಯಾಟರಿಯೂ ಮುಗಿದು ಗೇಟಿನ ಹೊರಗೆ ಕಾರಿನಲ್ಲಿ ಕುಳಿತವರಿಗೆ ಆ ಡ್ರಾಯರು ಎಟುಕುವುದಿಲ್ಲ. ಒಂದು ಕೀಲಿಯನ್ನು ಕಾರಿನ ಕೀಗೊಂಚಲಿಗೇ ಹಾಕಿಡಿ, ಇನ್ನೊಂದನ್ನು ತೋಟದ ಕೆಲಸಗಾರರ ಲೈನುಮನೆಯಲ್ಲಿರುವ, ಲೆಕ್ಕ ಬರೆಯುವ ರೈಟರ ಕೈಗೆ ಕೊಟ್ಟಿರಿ.