ನಿಮ್ಮ ಟೆಕ್ನಿಕಲ್ ಕಾಲೇಜಿನ ಯುದ್ಧಕಾಲದ ಕಥೆ ಕೂಡಿಸುವುದು ಹೇಗೆ

ನಮ್ಮ ಕಡೆ ಪಾಲಿಟೆಕ್ನಿಕ್ಕಿಗೋ ಐಟಿಐಗೋ ಅರವತ್ತು ತುಂಬಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಸಂಸ್ಥಾಪಕರ ಫೋಟೋ, ಪ್ರಾಚಾರ್ಯರ ಪಟ್ಟಿ, ಯಾವ ಕಟ್ಟಡ ಯಾವಾಗ ಆಯಿತು ಅನ್ನುವ ಲೆಕ್ಕ, ಎಲ್ಲ ಇರುತ್ತದೆ. 1962ರಲ್ಲಿ, 1965ರಲ್ಲಿ, 1971ರಲ್ಲಿ ಅದೇ ವರ್ಕ್‌ಶಾಪಿನಲ್ಲಿ ಹುಡುಗರು ಹೇಗೆ ಇದ್ದರು ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ. ನಾನು ಹುಬ್ಬಳ್ಳಿ ಹತ್ತಿರದ ಒಂದು ಸಣ್ಣ ಟೆಕ್ನಿಕಲ್ ಕಾಲೇಜಿನಲ್ಲಿ ಟರ್ನಿಂಗ್ ಸೆಕ್ಷನ್ ನೋಡಿಕೊಂಡು ನಿವೃತ್ತನಾದವನು. ಆ ಸಾಲುಗಳನ್ನು ನಿಮ್ಮಂಥ ಹುಡುಗರು ಬರೆಯಬೇಕು ಅಂತ ನನ್ನ ಆಸೆ. ಕೆಲಸ ಕಷ್ಟದ್ದಲ್ಲ, ಆದರೆ ತಡ ಮಾಡುವ ಹಾಗಿಲ್ಲ. 1962ರಲ್ಲಿ ಕಾಲೇಜಿನಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಯುದ್ಧದ ಬಗ್ಗೆ ಕೇಳಬೇಡಿ, ಸಾಮಾನಿನ ಬಗ್ಗೆ ಕೇಳಿ. "ಅಜ್ಜಾರ, ಯುದ್ಧದ ನೆನಪು ಹೇಳ್ರಿ" ಅಂದರೆ "ಏನ್ ಹೇಳೂದು ತಮ್ಮಾ, ರೇಡಿಯೋ ಕೇಳತಿದ್ವಿ" ಅಂತ ಮಾತು ಮುಗಿಯುತ್ತದೆ. "ಕಂದೀಲಿಗೆ ಎಣ್ಣಿ ಎಲ್ಲಿ ಸಿಗತಿತ್ರೀ? ಖಾಕಿ ಅರವಿ ಯಾರು ಕೊಡಸಿದ್ರು?" ಅಂತ ಕೇಳಿ ನೋಡಿ. ಅಂಗಡಿ, ಕ್ಯೂ, ಜಗಳ, ಸಾಲ, ಅಣ್ಣನ ಹಳೇ ಚೊಣ್ಣ, ಒಂದರ ಹಿಂದೆ ಒಂದು ಬರುತ್ತದೆ. ನಡುವೆ ಬಾಯಿ ಹಾಕಬೇಡಿ. ಅಜ್ಜಿಯವರು ಅಲ್ಲೇ ಇದ್ದರೆ ಅವರನ್ನೂ ಕೂಡಿಸಿಕೊಳ್ಳಿ. ರೇಷನ್ನಿನ ಲೆಕ್ಕ ಹೆಚ್ಚಾಗಿ ಅವರ ತಲೆಯಲ್ಲೇ ಇರುತ್ತದೆ.

ಮಾತಾಡಿಸುವ ಮೊದಲು ಕಾಲೇಜಿನ ಸ್ಟೋರ್ ರೂಮಿಗೆ ಹೋಗಿ. ಪ್ರಾಚಾರ್ಯರಿಗೆ ಒಂದು ಅರ್ಜಿ ಕೊಟ್ಟು ಮೂರು ಪುಸ್ತಕ ಕೇಳಿ: ಡೆಡ್ ಸ್ಟಾಕ್ ರಿಜಿಸ್ಟರ್ (ಮಷೀನು, ಸಾಮಾನಿನ ಪಟ್ಟಿ), ಜನರಲ್ ರಿಜಿಸ್ಟರ್ (ಸೇರಿದ ವಿದ್ಯಾರ್ಥಿಗಳ ದಾಖಲೆ), ಇನ್‌ವರ್ಡ್ ಫೈಲು (ಕಾಲೇಜಿಗೆ ಬಂದ ಪತ್ರಗಳು). ಹಳೆಯವು ಮುಟ್ಟಿದರೆ ಪುಡಿಯಾಗುತ್ತವೆ. ಹಾಳೆ ಮಡಚಬೇಡಿ, ಬೆರಳಿಗೆ ಉಗುಳು ಹಚ್ಚಿ ತಿರುವಬೇಡಿ, ಕಿಟಕಿ ಹತ್ತಿರ ಇಟ್ಟು ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ.

ಡೆಡ್ ಸ್ಟಾಕ್ ರಿಜಿಸ್ಟರ್ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಯಾವ ಮಷೀನು ಯಾವ ದಿನ ಬಂತು, ಯಾರಿಂದ, ಎಷ್ಟಕ್ಕೆ, ಎಲ್ಲ ಅಲ್ಲಿದೆ. ನಮ್ಮ ದೇಶದಲ್ಲೇ ಲೇಥ್‌ನಂಥ ಮಷೀನು ಮಾಡುವ ಸರ್ಕಾರಿ ಕಂಪನಿ ಎಚ್ಎಂಟಿ ಶುರುವಾದದ್ದು 1953ರಲ್ಲಿ. ಅದಕ್ಕಿಂತ ಹಳೆಯ ಒಳ್ಳೇ ಲೇಥ್ ಇದ್ದರೆ ಅದು ಹೆಚ್ಚಾಗಿ ಹೊರದೇಶದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ಸಾಮಾನನ್ನು ಸರ್ಕಾರ ವಿಲೇವಾರಿ ಮಾಡಿತು. ರಿಜಿಸ್ಟರಿನಲ್ಲಿ "ಡಿಸ್ಪೋಸಲ್ಸ್" ಅಂತ ಕಂಡರೆ ಎದ್ದು ಹೋಗಿ ಆ ಮಷೀನನ್ನೇ ನೋಡಿ. ಬೆಡ್ಡಿನ ಮೇಲೆ, ವೈಸಿನ ಮೈಮೇಲೆ ಎರಕದಲ್ಲೋ ಪಂಚಿನಲ್ಲೋ ಒಂದು ಬಾಣದ ಗುರುತು ಇದೆಯಾ? ಅದು ಬ್ರಿಟಿಷ್ ಸರ್ಕಾರದ, ಅವರ ಸೈನ್ಯದ ಆಸ್ತಿಯ ಗುರುತು. ಬಣ್ಣ ಹೆರೆಯಬೇಡಿ. ಸೀಮೆಸುಣ್ಣ ಉಜ್ಜಿ, ಬಟ್ಟೆಯಿಂದ ಒರೆಸಿದರೆ ಅಕ್ಷರ ಏಳುತ್ತದೆ. ಹುಬ್ಬಳ್ಳಿಯ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದೇ 1947ರಲ್ಲಿ. ಆ ಕಾಲದ ಸಂಸ್ಥೆಗಳಲ್ಲಿ ಮಹಾಯುದ್ಧ ಕಂಡ ವಿದ್ಯಾರ್ಥಿ ಸಿಗುವುದಿಲ್ಲ, ಆದರೆ ಮಹಾಯುದ್ಧ ಕಂಡ ಮಷೀನು ಸಿಗಬಹುದು.

ನಿಮ್ಮ ಸಂಸ್ಥೆ ಅದಕ್ಕಿಂತ ಹಳೆಯದಾದರೆ 1940ರಿಂದ ನೋಡುತ್ತಾ ಬನ್ನಿ. ಆ ವರ್ಷ ಸರ್ಕಾರ ಯುದ್ಧದ ಕೆಲಸಕ್ಕೆ ಫಿಟ್ಟರ್, ಟರ್ನರ್‌ಗಳನ್ನು ಬೇಗ ಬೇಗ ತಯಾರು ಮಾಡಲು ತಾಂತ್ರಿಕ ತರಬೇತಿ ಯೋಜನೆ ತಂದಿತು. ದೇಶದ ಟೆಕ್ನಿಕಲ್ ಶಾಲೆಗಳೇ ತರಬೇತಿ ಕೇಂದ್ರಗಳಾದವು. 1941ರಿಂದ ಕೆಲವು ಹುಡುಗರನ್ನು ಇಂಗ್ಲೆಂಡಿಗೂ ಕಳಿಸಿದರು, ಅವರನ್ನು ಬೆವಿನ್ ಬಾಯ್ಸ್ ಅನ್ನುತ್ತಿದ್ದರು. ಯುದ್ಧ ಮುಗಿದಾಗ ಸೈನ್ಯದಿಂದ ಬಂದವರಿಗೆ ಕೆಲಸ ಕಲಿಸಲು 1945ರಲ್ಲಿ ಒಂದು ನಿರ್ದೇಶನಾಲಯ ಹುಟ್ಟಿತು. ಇವತ್ತಿನ ಐಟಿಐಗಳ ಬೇರು ಅಲ್ಲಿದೆ. ಇದನ್ನು ನಮ್ಮ ಐಟಿಐ ಹುಡುಗರಿಗೆ ಯಾರೂ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು. ಆ ಕಾಲದ ಗಂಟೆ ಹೊಡೆಯುವ ವೇಳಾಪಟ್ಟಿ ಸಿಕ್ಕರೆ ಜೋಪಾನ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ನಡುವಿನವರೆಗೆ ದೇಶದ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟಿದ್ದರು. ಹಾಗಾಗಿ ಅಂದಿನ ಎಂಟು ಗಂಟೆ ಅಂದರೆ ಇವತ್ತಿನ ಗಡಿಯಾರದ ಲೆಕ್ಕದಲ್ಲಿ ಏಳು.

ಜನರಲ್ ರಿಜಿಸ್ಟರಿನಲ್ಲಿ ತಂದೆಯ ಉದ್ಯೋಗದ ಕಲಮು ನೋಡಿ. 1962ರ ಚೀನಾ ಯುದ್ಧದ ಬೆನ್ನಿಗೇ 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ಬಂತು, 14 ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡುವ ಹಾಗಿರಲಿಲ್ಲ. ಪತ್ತಾರರ, ಅಂದರೆ ಅಕ್ಕಸಾಲಿಗರ, ಕೈಕೆಲಸ ನಿಂತುಹೋಯಿತು. ಆಮೇಲಿನ ಎರಡು ಮೂರು ವರ್ಷ ಪತ್ತಾರ ಮನೆಯ ಹುಡುಗರು ಫಿಟ್ಟರ್ ಟ್ರೇಡಿಗೆ ಜಾಸ್ತಿ ಬಂದರಾ? ಹಿಂದಿನ ವರ್ಷಗಳ ಜೊತೆ ಇಟ್ಟು ಎಣಿಸಿ. ಚೀನಾ ಯುದ್ಧ ನಿಮ್ಮ ಊರಿನ ಮನೆಯೊಳಗೆ ಹೇಗೆ ಬಂತು ಅನ್ನುವುದು ಈ ಒಂದು ಕಲಮಿನಲ್ಲಿ ಕಾಣಬಹುದು.

ಹಾಜರಿ ಪುಸ್ತಕದಲ್ಲಿ ಎನ್‌ಸಿಸಿ ಹುಡುಕಿ. 1963ರಲ್ಲಿ ಅದನ್ನು ಕಾಲೇಜು ಹುಡುಗರಿಗೆ ಕಡ್ಡಾಯ ಮಾಡಿದರು, 1968ರಲ್ಲಿ ಸಡಿಲಿಸಿದರು, 1969ರಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಬಂತು. ಪರೇಡಿಗೂ ವರ್ಕ್‌ಶಾಪಿಗೂ ಹೊತ್ತು ಹೇಗೆ ಹೊಂದಿಸಿದರು ಅಂತ ಕೇಳಿ. 1965ರವರನ್ನು ಸೋಮವಾರದ ಬಗ್ಗೆ ಕೇಳಿ. ಶಾಸ್ತ್ರೀಜಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂದರು, ಹಾಸ್ಟೆಲ್ ಮೆಸ್ಸಿನ ಸೋಮವಾರ ರಾತ್ರಿ ಏನಾಯಿತು? ಧಾರವಾಡ ಆಕಾಶವಾಣಿ 1950ರಿಂದಲೇ ಇತ್ತು. ಕಾಲೇಜಿನ ರೇಡಿಯೋ ಯಾರ ಕೋಣೆಯಲ್ಲಿತ್ತು, ಸುದ್ದಿ ಹೊತ್ತಿಗೆ ಯಾರು ಯಾರನ್ನು ಒಳಗೆ ಬಿಡುತ್ತಿದ್ದರು, ಇದನ್ನೂ ಕೇಳಿ.

ಇನ್‌ವರ್ಡ್ ಫೈಲಿನಲ್ಲಿ ಲಕೋಟೆ ಉಳಿದಿದ್ದರೆ ಅದನ್ನು ಪತ್ರದಿಂದ ಬೇರೆ ಮಾಡಬೇಡಿ. 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆವರೆಗೆ ಟಪಾಲಿಗೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪರಿಹಾರಕ್ಕೆ ಅಂತ 5 ಪೈಸೆಯ ಬೇರೆ ಅಂಚೆ ಚೀಟಿ ಹಚ್ಚಬೇಕಿತ್ತು. ಪತ್ರದ ತಾರೀಖು ಅಳಿಸಿದ್ದರೂ ಆ ಚೀಟಿ ಕಾಲ ಹೇಳುತ್ತದೆ.

ಹೊರಗೆ ಹುಡುಕುವಾಗ ಹೆಸರುಗಳ ಮೇಲೆ ಗಮನ ಇರಲಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೂ ಹಿಂದಿನದೆಲ್ಲ ಧಾರವಾಡ ಜಿಲ್ಲೆ. 1956ಕ್ಕೂ ಹಿಂದಿನ ಸರ್ಕಾರಿ ಪತ್ರ ಮುಂಬಯಿಯದು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಹೋದವರ ಕಾಗದದಲ್ಲಿ 1951ರವರೆಗೆ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಅಂತಲೇ ಇರುತ್ತದೆ. ಹಳೇ ವಾರ್ಷಿಕ ವರದಿ ಕಾಲೇಜಿನಲ್ಲಿ ಸಿಗದಿದ್ದರೆ ಅದನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಹುಡುಕಿ. ಗದಗಿನಲ್ಲಿ ಹಳೇ ಮುದ್ರಣದ ಮನೆತನಗಳಿವೆ, ಅಟ್ಟದ ಮೇಲೆ ಒಂದು ಪ್ರತಿ ಉಳಿದಿರಬಹುದು. ಸಂಯುಕ್ತ ಕರ್ನಾಟಕದ ಹಳೇ ಸಂಚಿಕೆಗಳಲ್ಲಿ ರಕ್ಷಣಾ ನಿಧಿಗೆ ಯಾರು ಎಷ್ಟು ಕೊಟ್ಟರು ಅನ್ನುವ ಸುದ್ದಿಗಳನ್ನು ಓದಿ, ನಿಮ್ಮ ಕಾಲೇಜಿನ ಹೆಸರು ಇದ್ದರೂ ಇರಬಹುದು.

ಬರೆದಾದ ಮೇಲೆ ಹಿರಿಯರ ಮಾತನ್ನು ಅವರಿಗೇ ಓದಿ ಹೇಳಿ, ಬೇಡ ಅಂದದ್ದನ್ನು ತೆಗೆಯಿರಿ. ಅವರ ಮಾತು ಧಾರವಾಡದ ಮಾತಾಗಿಯೇ ಇರಲಿ, ಪುಸ್ತಕದ ಕನ್ನಡ ಮಾಡಬೇಡಿ. ನೆನಪಿಗೂ ರಿಜಿಸ್ಟರಿಗೂ ತಾಳೆ ಆಗದಿದ್ದರೆ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಕೊನೆಗೆ ಒಂದು ಪ್ರತಿಯನ್ನು ಕಾಲೇಜಿನ ಲೈಬ್ರರಿಗೆ ಸುಮ್ನೆ ಕೊಟ್ಟು ಬರಬೇಡಿ. ಅಕ್ಸೆಶನ್ ರಿಜಿಸ್ಟರಿನಲ್ಲಿ ನಂಬರ್ ಹಾಕಿಸಿ, ಶಿಕ್ಕಾ ಹೊಡೆಸಿ. ನಂಬರ್ ಇಲ್ಲದ ಪುಸ್ತಕ ಮುಂದಿನ ಸಲ ಕಪಾಟು ಖಾಲಿ ಮಾಡುವಾಗ ರದ್ದಿಗೆ ಹೋಗುತ್ತದೆ.