ಹದಿನೆಂಟರ ಹುಡುಗನಲ್ಲಿ ಇಪ್ಪತ್ತೈದರ ಆಟಗಾರನನ್ನು ಕಾಣುವುದು ಹೇಗೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಪ್ರತಿ ಜುಲೈನಲ್ಲಿ ಇವು ಒಂದಾದ ಮೇಲೊಂದು ಸರದಿಯಂತೆ ಹೈಸ್ಕೂಲು ಮುಗಿಸಿದ, ಕಾಲೇಜಿನಲ್ಲಿ ಆಡುತ್ತಿರುವ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. 1965ರಿಂದ ನಡೆದುಬಂದಿದೆ, ಈಗ 20 ಸುತ್ತು. ನಮಗೆ ಪರಿಚಯವಿರುವ ಐಪಿಎಲ್ ಹರಾಜಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಹರಾಜಿನಲ್ಲಿ ಕೊಂಡ ಆಟಗಾರ ಮುಂದಿನ ಋತುವಿಗೇ ಕಣಕ್ಕಿಳಿಯುತ್ತಾನೆ. ಡ್ರಾಫ್ಟ್ ಆದ ಹುಡುಗ ಬಹುತೇಕ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಹಲವು ವರ್ಷ ಪಳಗಬೇಕು. ಆದ್ದರಿಂದ ಅವನನ್ನು ಅಳೆಯಲು ಬಂದ ಸ್ಕೌಟ್‌ಗೆ (ತಂಡಕ್ಕಾಗಿ ಪ್ರತಿಭೆ ಹುಡುಕುವವನಿಗೆ) ಇವತ್ತಿನ ಸ್ಕೋರು ಮುಖ್ಯವಲ್ಲ. 25ನೇ ವಯಸ್ಸಿಗೆ ಇವನ ಮೈ, ಕೈ, ಕಣ್ಣು ಎಲ್ಲಿಗೆ ಬಂದು ನಿಲ್ಲುತ್ತವೆ ಎಂಬುದೇ ಮುಖ್ಯ.

ಅದನ್ನು ಊಹಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ 2009ರ ಡ್ರಾಫ್ಟ್ ಸಾಕು. ಏಂಜಲ್ಸ್ ತಂಡಕ್ಕೆ 24 ಮತ್ತು 25ನೆಯ ಆಯ್ಕೆ ಬೆನ್ನುಬೆನ್ನಿಗೇ ಸಿಕ್ಕಿದ್ದವು. 24ರಲ್ಲಿ ರ‍್ಯಾಂಡಲ್ ಗ್ರಿಚಕ್ ಎಂಬ ಹುಡುಗನನ್ನು ಕರೆದರು, 25ರಲ್ಲಿ ನ್ಯೂಜೆರ್ಸಿಯ ಮಿಲ್‌ವಿಲ್ ಊರಿನ ಮೈಕ್ ಟ್ರೌಟ್‌ನನ್ನು. ಟ್ರೌಟ್ ಮುಂದೆ ಮೂರು ಸಲ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನಾದ. ಅವನನ್ನು ಆರಿಸಿದ ತಂಡವೇ ಅವನಿಗಿಂತ ಒಬ್ಬನನ್ನು ಮೊದಲು ಕರೆದಿತ್ತು.

ಮೊದಲು ವಯಸ್ಸು ನೋಡಿ

ಡ್ರಾಫ್ಟಿಗೆ ಬರುವವರು ಅಮೆರಿಕ, ಕೆನಡಾ, ಪೋರ್ಟೊರಿಕೊದವರು. ಹೈಸ್ಕೂಲು ಮುಗಿದೊಡನೆ ಬರಬಹುದು. ಒಮ್ಮೆ ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರನೆಯ ವರ್ಷ ಮುಗಿಯುವ ತನಕ, ಇಲ್ಲವೇ 21 ತುಂಬುವ ತನಕ ಕಾಯಬೇಕು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹುಡುಗರ ದಾರಿಯೇ ಬೇರೆ, ಅವರು ಡ್ರಾಫ್ಟಿಲ್ಲದೆ ನೇರ ಒಪ್ಪಂದಕ್ಕೆ ಸಹಿ ಹಾಕುತ್ತಾರೆ.

ಒಂದೇ ತರಗತಿಯಲ್ಲಿ ಒಬ್ಬನಿಗೆ 17, ಇನ್ನೊಬ್ಬನಿಗೆ 19 ಆಗಿರುತ್ತದೆ. ಇಬ್ಬರೂ ಒಂದೇ ದೂರ ಹೊಡೆದರೆ ಚಿಕ್ಕವನ ಹೊಡೆತಕ್ಕೆ ಬೆಲೆ ಹೆಚ್ಚು. 2023ರಲ್ಲಿ ಟೊರೊಂಟೊ ಬ್ಲೂ ಜೇಸ್ ತಂಡ 20ನೆಯ ಆಯ್ಕೆಯಲ್ಲಿ ಕರೆದ ಫ್ಲಾರಿಡಾದ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸುಗಳ ನಡುವೆ ನಿಲ್ಲುವ ಫೀಲ್ಡರ್) ಅರ್ಜುನ್ ನಿಮ್ಮಲನಿಗೆ ಆಗ ಇನ್ನೂ 17. ಭಾರತದಿಂದ ಹೋದ ಕುಟುಂಬದ ಹುಡುಗ ಮೊದಲ ಸುತ್ತಿನಲ್ಲೇ ಹೋದದ್ದು ನಮ್ಮವರಿಗೆಲ್ಲ ಸಂಭ್ರಮದ ಸುದ್ದಿ. ಸ್ಕೌಟ್‌ಗಳ ಲೆಕ್ಕದಲ್ಲಿ ಆ ಎಳೆ ವಯಸ್ಸಿಗೂ ತೂಕವಿರುತ್ತದೆ. ಭುಜ ಇನ್ನೂ ತುಂಬಿಕೊಳ್ಳಬೇಕಿದೆ ಎಂದರೆ ಬಲ ಇನ್ನೂ ಬರಲಿದೆ ಎಂದರ್ಥ.

ಅಳತೆಗೋಲು: 20ರಿಂದ 80

ಸ್ಕೌಟ್‌ಗಳು ನೂರಕ್ಕೆ ಅಂಕ ಹಾಕುವುದಿಲ್ಲ. 20ರಿಂದ 80ರ ನಡುವೆ ಹಾಕುತ್ತಾರೆ. 50 ಎಂದರೆ ಮೇಜರ್ ಲೀಗಿನ ಸರಾಸರಿ ಆಟಗಾರ, ಹುಡುಗನ ಹೈಸ್ಕೂಲಿನ ಸರಾಸರಿಯಲ್ಲ. 80 ಸಿಗುವುದು ಬೆರಳೆಣಿಕೆಯ ಮಂದಿಗೆ. ಬ್ಯಾಟರ್ ಆದರೆ ಐದು ವಿಷಯಕ್ಕೆ ಅಂಕ: ಚೆಂಡಿಗೆ ಬ್ಯಾಟು ತಾಗಿಸುವ ಕಲೆ, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ.

ಪ್ರತಿಯೊಂದಕ್ಕೂ ಎರಡೆರಡು ಅಂಕ ಬರೆಯಿರಿ. ಒಂದು ಇವತ್ತಿನದು, ಇನ್ನೊಂದು ಅವನು ಬಲಿತಾಗ ಮುಟ್ಟಬಹುದಾದದ್ದು. ಹದಿನೆಂಟರ ಹುಡುಗನ ಬ್ಯಾಟಿಂಗಿಗೆ ಇವತ್ತು 25 ಅಥವಾ 30 ಹಾಕಲು ಹಿಂಜರಿಯಬೇಡಿ, ಅದು ಅವಮಾನವಲ್ಲ. ಎಲ್ಲರಿಗೂ 50 ಹಂಚಿದ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಹೋಗಿ

ಪಂದ್ಯದಲ್ಲಿ ಒಬ್ಬ ಬ್ಯಾಟರ್‌ಗೆ ನಾಲ್ಕು ಅವಕಾಶ ಸಿಕ್ಕರೆ ಹೆಚ್ಚು. ಎರಡರಲ್ಲಿ ಪಿಚರ್ (ಚೆಂಡು ಎಸೆಯುವವನು) ಬೇಕೆಂದೇ ದೂರ ಎಸೆದರೆ ನಿಮಗೆ ಕಾಣುವುದು ಇನ್ನೆರಡೇ. ಅಭ್ಯಾಸದಲ್ಲಾದರೆ ಹತ್ತಾರು ಹೊಡೆತ, ಹತ್ತಾರು ಎಸೆತ ನೋಡಲು ಸಿಗುತ್ತವೆ. ಬಲಗೈ ಬ್ಯಾಟರ್ ಆದರೆ ಮೊದಲ ಬೇಸಿನ (ಹೊಡೆದು ಓಡಿದವನು ಮೊದಲು ಮುಟ್ಟುವ ನೆಲೆಯ) ಕಡೆ ನಿಲ್ಲಿ, ಅವನ ಎದೆ, ಕೈ, ಸೊಂಟ ಎಲ್ಲ ನಿಮ್ಮ ಕಡೆ ತೆರೆದಿರುತ್ತವೆ. ಎಡಗೈಯವನಾದರೆ ಮೂರನೆಯ ಬೇಸಿನ ಕಡೆ.

ಬ್ಯಾಟರ್: ಚೆಂಡು ಎಲ್ಲಿ ಹೋಯಿತು ಎಂಬುದಕ್ಕಿಂತ ಹೇಗೆ ತಾಗಿತು

ಇಡೀ ಕೆಲಸದಲ್ಲಿ ಇದೇ ಕಷ್ಟದ ಭಾಗ, ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ.

ಮೊದಲನೆಯ ತೊಡಕು ಬ್ಯಾಟು. ಶಾಲೆ, ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಬ್ಯಾಟು, ವೃತ್ತಿಪರರಲ್ಲಿ ಮರದ್ದೇ. ಒಳಕ್ಕೆ ನುಗ್ಗಿ ಬಂದ ಚೆಂಡು ಅಲ್ಯೂಮಿನಿಯಂ ಬ್ಯಾಟಿನ ಹಿಡಿಯ ಹತ್ತಿರ ತಾಗಿದರೂ ತೇಲಿಹೋಗಿ ಹುಲ್ಲಿನ ಮೇಲೆ ಬೀಳುತ್ತದೆ, ಸ್ಕೋರ್ ಪುಸ್ತಕದಲ್ಲಿ ಹಿಟ್ ಎಂದು ದಾಖಲಾಗುತ್ತದೆ. ಮರದ ಬ್ಯಾಟಾಗಿದ್ದರೆ ಅದೇ ಚೆಂಡಿಗೆ ಹಿಡಿ ಮುರಿದು ಸುಲಭದ ಔಟ್ ಆಗುತ್ತಿತ್ತು. ಹೀಗಾಗಿಯೇ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಬೇಸಿಗೆ ಲೀಗಿಗೆ ಸ್ಕೌಟ್‌ಗಳು ಮುಗಿಬೀಳುತ್ತಾರೆ. ಅಲ್ಲಿ ಕಾಲೇಜು ಹುಡುಗರು ಮರದ ಬ್ಯಾಟು ಹಿಡಿದು, ತಮ್ಮಷ್ಟೇ ಗಟ್ಟಿ ಪಿಚರ್‌ಗಳ ಎದುರು ಆಡುತ್ತಾರೆ.

ಎರಡನೆಯದು ಎದುರಾಳಿ. ಹೈಸ್ಕೂಲು ಪಿಚರ್ ಗಂಟೆಗೆ 130 ಕಿ.ಮೀ. ಎಸೆದರೆ ಒಳ್ಳೆಯ ವೇಗವೇ. ಮೇಜರ್ ಲೀಗಿನ ಫಾಸ್ಟ್‌ಬಾಲ್ ಸರಾಸರಿ ಸುಮಾರು 150. 18.44 ಮೀಟರ್ ದೂರದಿಂದ ಅದು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ, ನೆಲಕ್ಕೆ ಬಿದ್ದು ಪುಟಿಯುವುದೂ ಇಲ್ಲ. ನಿಧಾನದ ಚೆಂಡನ್ನು ಬೇಲಿ ದಾಟಿಸಿದ್ದರಿಂದ ಈ ವೇಗಕ್ಕೆ ಏನೂ ಸಾಬೀತಾಗುವುದಿಲ್ಲ. ಹಾಗಾಗಿ ವೇಗದ ಪಿಚರ್ ಎದುರಾದಾಗ ಫೌಲ್‌ಗಳನ್ನು, ಅಂದರೆ ಗೆರೆಯಾಚೆ ಹೋಗುವ ಹೊಡೆತಗಳನ್ನು, ಗಮನಿಸಿ. ಚೆಂಡು ನೇರ ಹಿಂದಿನ ಬಲೆಗೆ ಹೋಯಿತೇ? ಹುಡುಗ ಸಮಯಕ್ಕೆ ಸರಿಯಾಗಿ ಬ್ಯಾಟು ತಂದಿದ್ದಾನೆ, ಕೂದಲೆಳೆಯಷ್ಟು ಕೆಳಗೆ ತಾಗಿತಷ್ಟೆ. ಬಲಗೈಯವನ ಫೌಲು ಪ್ರತಿ ಸಲ ಮೊದಲ ಬೇಸಿನ ಆಚೆಯೇ ಬೀಳುತ್ತಿದ್ದರೆ ಅವನು ತಡವಾಗುತ್ತಿದ್ದಾನೆ. ಎರಡೂ ಸ್ಕೋರ್ ಪುಸ್ತಕದಲ್ಲಿ ಒಂದೇ.

ಮೂರನೆಯದು ಕಣ್ಣು. ಸ್ಲೈಡರ್ ಹೊರಕ್ಕೆ ಜಾರುವಾಗ ಅವನ ಕೈ ತಡೆದು ನಿಲ್ಲುತ್ತದೆಯೇ? ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಔಟ್) ಕಾಲು ಎತ್ತುವುದನ್ನು ಚಿಕ್ಕದು ಮಾಡಿಕೊಂಡು ಚೆಂಡು ತಾಗಿಸಲು ನೋಡುತ್ತಾನೆಯೇ? ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ಮುಂದಿನ ಸ್ಟ್ರೈಕ್ ಚೌಕದೊಳಗೆ ಬಂದ ಚೆಂಡನ್ನೇ ಪದೇಪದೇ ತಪ್ಪಿಸುವ ಹುಡುಗ ನನ್ನನ್ನು ಹೆದರಿಸುತ್ತಾನೆ. ಹೊರಗಿನದಕ್ಕೆ ಬೀಸುವ ಚಟವನ್ನು ತರಬೇತಿ ಸ್ವಲ್ಪವಾದರೂ ತಿದ್ದಬಹುದು, ಒಳಗಿನದನ್ನು ತಪ್ಪಿಸುವುದನ್ನು ತಿದ್ದುವುದು ಬಹಳ ಕಷ್ಟ. ಈಗ ಕ್ಯಾಮೆರಾ, ರೇಡಾರ್‌ಗಳು ಬ್ಯಾಟಿನಿಂದ ಚೆಂಡು ಹಾರುವ ವೇಗವನ್ನೂ ಕೋನವನ್ನೂ ಅಳೆದುಕೊಡುತ್ತವೆ. ಆ ಅಂಕಿಗಳನ್ನು ಖಂಡಿತ ತೆಗೆದುಕೊಳ್ಳಿ, ಜೊತೆಗೆ ಎದುರಿಗೆ ಯಾರು ಎಸೆದರು ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.

ಓಟ, ಫೀಲ್ಡಿಂಗ್: ಸ್ಟಾಪ್‌ವಾಚ್ ಸಾಕು

ಬ್ಯಾಟು ಚೆಂಡಿಗೆ ತಾಗಿದ ಕ್ಷಣದಿಂದ ಮೊದಲ ಬೇಸಿಗೆ ಕಾಲು ತಾಗುವವರೆಗೆ ಅಳೆಯಿರಿ. ಬಲಗೈ ಬ್ಯಾಟರ್ 4.3 ಸೆಕೆಂಡು, ಎಡಗೈಯವನು 4.2 ತೆಗೆದುಕೊಂಡರೆ ಸರಾಸರಿ, ಅಂದರೆ 50. ಎಡಗೈಯವನು ಬೇಸಿಗೆ ಹತ್ತಿರ ನಿಂತಿರುತ್ತಾನೆ, ಅದಕ್ಕೆ ಈ ವ್ಯತ್ಯಾಸ. ಕ್ಯಾಚರ್ ಆದರೆ ಚೆಂಡು ಅವನ ಗ್ಲೌಸಿಗೆ ಬಡಿದಾಗಿನಿಂದ ಎರಡನೆಯ ಬೇಸಿನವನ ಗ್ಲೌಸು ಸೇರುವ ತನಕ. 2.0 ಸೆಕೆಂಡು ಸರಾಸರಿ. ಶಾರ್ಟ್‌ಸ್ಟಾಪ್ ಮುಂದೆಯೂ ಅಲ್ಲೇ ಉಳಿಯುತ್ತಾನೆಯೇ ಎಂದು ಕೇಳಿಕೊಳ್ಳಿ. ಮೈ ದಪ್ಪವಾಗಿ ಮೂರನೆಯ ಬೇಸಿಗೋ ಮೊದಲನೆಯದಕ್ಕೋ ಸರಿಯಬೇಕಾದರೆ ಅವನ ಬ್ಯಾಟಿಂಗ್ ಇನ್ನಷ್ಟು ಚೆನ್ನಾಗಿರಬೇಕಾಗುತ್ತದೆ.

ಪಿಚರ್: ಆರನೆಯ ಇನಿಂಗ್ಸ್ ತನಕ ಏಳಬೇಡಿ

ರೇಡಾರ್ ಗನ್ ಮೊದಲ ಇನಿಂಗ್ಸಿನಲ್ಲಿ ತೋರಿಸಿದ ಅಂಕಿ ಎಲ್ಲರ ಬಾಯಲ್ಲೂ ಓಡಾಡುತ್ತದೆ. 80 ಚೆಂಡು ಎಸೆದ ಮೇಲೆ ಅದು ಎಷ್ಟಕ್ಕೆ ಇಳಿಯಿತು ಎಂಬುದು ನಿಮ್ಮ ಪುಸ್ತಕದಲ್ಲಿರಲಿ. ಫಾಸ್ಟ್‌ಬಾಲ್ ಜೊತೆಗೆ ನಂಬಬಹುದಾದ ಎರಡನೆಯ ಎಸೆತ ಇದೆಯೇ? ಚೇಂಜಪ್ (ವೇಗದ್ದೆಂದು ನಂಬಿಸುವ ನಿಧಾನದ ಚೆಂಡು) ಎಸೆಯುವಾಗ ತೋಳಿನ ವೇಗ ತಗ್ಗುತ್ತದೆಯೇ? ತಗ್ಗಿದರೆ ಒಳ್ಳೆಯ ಬ್ಯಾಟರ್‌ಗೆ ಗುಟ್ಟು ರಟ್ಟಾದ ಹಾಗೆಯೇ. ಮುಂಗಾಲು ಪ್ರತಿ ಸಲ ಒಂದೇ ಜಾಗದಲ್ಲಿ ಊರುತ್ತದೆಯೇ ಎಂದು ಮಣ್ಣಿನ ಗುರುತು ನೋಡಿ. ಒಂದೇ ಗುಳಿ ಇದ್ದರೆ ಚೆಂಡು ಹಿಡಿತಕ್ಕೆ ಬರುವ ಭರವಸೆಯಿದೆ, ಮೂರು ಕಡೆ ಕೆದರಿದ್ದರೆ ಇನ್ನೂ ಕೆಲಸವಿದೆ.

ಪಿಚರ್ ಎಂದು ಹೆಸರು ಹೊತ್ತವರನ್ನಷ್ಟೇ ನೋಡುತ್ತ ಕೂರಬೇಡಿ. ಸ್ಟೆಟ್ಸನ್ ವಿಶ್ವವಿದ್ಯಾಲಯದ ಜೇಕಬ್ ಡಿಗ್ರಾಮ್ ಕಾಲೇಜಿನ ಬಹುಪಾಲು ಕಾಲ ಶಾರ್ಟ್‌ಸ್ಟಾಪ್ ಆಗಿದ್ದ. 2010ರಲ್ಲಿ ಮೆಟ್ಸ್ ತಂಡ ಒಂಬತ್ತನೆಯ ಸುತ್ತಿನಲ್ಲಿ ಪಿಚರ್ ಆಗಿ ತೆಗೆದುಕೊಂಡಿತು. 2018, 2019ರಲ್ಲಿ ಸತತವಾಗಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಪಾಲ್ ಸ್ಕೀನ್ಸ್ ವಾಯುಸೇನಾ ಅಕಾಡೆಮಿಯಲ್ಲಿ ಕ್ಯಾಚರ್ ಕೂಡ ಆಗಿದ್ದವನು. ಲೂಸಿಯಾನಾ ಸ್ಟೇಟ್‌ಗೆ ಬಂದು ಒಂದೇ ಋತುವಿನಲ್ಲಿ 209 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ 2023ರ ಮೊದಲ ಆಯ್ಕೆಯಾದ.

ಮೊಣಕೈ, ಭುಜ, ಹಣ

ಪಿಚರ್‌ನ ಮೊಣಕೈಯ ಅಸ್ಥಿರಜ್ಜು ಹರಿಯುವುದು ಈ ಆಟದ ದೊಡ್ಡ ಶಾಪ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲ ಬಾರಿಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಆ ರೋಗಿಯ ಹೆಸರೇ ನಿಂತಿದೆ, ಟಾಮಿ ಜಾನ್. ಈ ಕಾರಣಕ್ಕೆ ಕೋಟಿಗಟ್ಟಲೆ ಹಣ ಕೊಡುವ ಮುನ್ನ ತಂಡಗಳು ಎಂಆರ್‌ಐ ಚಿತ್ರಗಳನ್ನು ತಮ್ಮ ವೈದ್ಯರಿಂದ ಓದಿಸುತ್ತವೆ.

ಈ ಹಂತ ಅರ್ಥವಾಗಲು ಪಿಚರ್ ಕುಮಾರ್ ರಾಕರ್‌ನನ್ನು ನೋಡಿ. ಅವನ ತಾಯಿಯ ಮನೆಯವರ ಮೂಲ ಭಾರತ. 2018ರಲ್ಲಿ ಹೈಸ್ಕೂಲು ಮುಗಿಸಿದಾಗಲೇ ದೊಡ್ಡ ಹೆಸರು, ಆದರೂ 38ನೆಯ ಸುತ್ತಿಗೆ ಜಾರಿದ (ಆಗ ಸುತ್ತುಗಳು ಈಗಿಗಿಂತ ಹೆಚ್ಚಿದ್ದವು). ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋಗುವುದು ಹೆಚ್ಚುಕಡಿಮೆ ಖಚಿತವೆಂದು ತಂಡಗಳಿಗೆ ಗೊತ್ತಿತ್ತು. 2019ರಲ್ಲಿ, ಮೊದಲ ವರ್ಷದಲ್ಲೇ, ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಒಂದೂ ಹಿಟ್ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. 2021ರಲ್ಲಿ ಮೆಟ್ಸ್ 10ನೆಯ ಆಯ್ಕೆಯಲ್ಲಿ ಕರೆದು, ವೈದ್ಯಕೀಯ ತಪಾಸಣೆಯ ಬಳಿಕ ಹಿಂದೆ ಸರಿಯಿತು. ಅದೇ ವರ್ಷ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಟೆಕ್ಸಸ್ ರೇಂಜರ್ಸ್ ಅವನನ್ನೇ ಮೂರನೆಯ ಆಯ್ಕೆಯಾಗಿ ತೆಗೆದುಕೊಂಡು 52 ಲಕ್ಷ ಡಾಲರ್ ಕೊಟ್ಟಿತು. 2023ರಲ್ಲಿ ಮೊಣಕೈಗೂ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರಿನಲ್ಲಿ ಮೇಜರ್ ಲೀಗ್ ಪ್ರವೇಶ. ಒಬ್ಬನೇ ಹುಡುಗ, ಒಂದೇ ತೋಳು, ವರ್ಷದೊಳಗೆ ಎರಡು ತಂಡಗಳ ತೀರ್ಮಾನ ಬೇರೆ ಬೇರೆ.

ಹಣದ ಲೆಕ್ಕವೂ ಸ್ಕೌಟ್‌ನ ಕೆಲಸವೇ. ಮೊದಲ 10 ಸುತ್ತಿಗೆ ಪ್ರತಿ ತಂಡಕ್ಕೂ ಬೋನಸ್ ಮಿತಿಯಿದೆ. ಅದನ್ನು ಶೇ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷಗಳ ಆಯ್ಕೆಗಳನ್ನೇ ಕಳೆದುಕೊಳ್ಳಬೇಕು. ಆದ್ದರಿಂದ ಹುಡುಗನ ಮನೆಗೆ ಹೋಗಿ ತಂದೆತಾಯಿಯ ಜೊತೆ ಕೂತು ಮಾತಾಡಿ. ಓದು ಎಷ್ಟು ಮುಖ್ಯ, ಎಷ್ಟು ಮೊತ್ತಕ್ಕೆ ಸಹಿ ಹಾಕುತ್ತಾರೆ ಎಂದು ನೇರವಾಗಿ ಕೇಳಿ. ನ್ಯೂಜೆರ್ಸಿ, ಟೆಕ್ಸಸ್ ಕಡೆ ಮಕ್ಕಳನ್ನು ಬೇಸ್‌ಬಾಲ್‌ಗೆ ಹಾಕಿರುವ ಕನ್ನಡದ ಅಪ್ಪ ಅಮ್ಮಂದಿರೂ ಈ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಕೊನೆಗೆ, ಸಾಲಾಗಿ ಜೋಡಿಸಿ

ಅಂಕಗಳನ್ನು ಕೂಡಿ ಪಟ್ಟಿ ಮಾಡಲಾಗದು. ಇಬ್ಬರು ಸರಿಸಮ ಕಂಡಾಗ ನಾನು ಹೈಸ್ಕೂಲು ಪಿಚರ್‌ಗಿಂತ ಮೇಲೆ ಕಾಲೇಜಿನ ಶಾರ್ಟ್‌ಸ್ಟಾಪ್‌ನನ್ನು ಇಡುತ್ತೇನೆ. ಅವನು ಮೂರು ವರ್ಷ ಗಟ್ಟಿ ಪಿಚರ್‌ಗಳನ್ನು ಎದುರಿಸಿದ್ದಾನೆ, ಮೊಣಕೈಯ ಭಯ ಕಡಿಮೆ, ಬ್ಯಾಟು ಕೈಕೊಟ್ಟರೂ ಫೀಲ್ಡಿಂಗ್ ಅವನನ್ನು ತಂಡದಲ್ಲಿ ಉಳಿಸುತ್ತದೆ. ಇದಕ್ಕೆ ಒಪ್ಪದ ಒಳ್ಳೆಯ ಸ್ಕೌಟ್‌ಗಳೂ ಇದ್ದಾರೆ. ನೀವು ಯಾರನ್ನು ಮೇಲಿಟ್ಟರೂ ಹೆಸರಿನ ಪಕ್ಕದಲ್ಲಿ ಒಂದು ಸಾಲಿನ ಕಾರಣ ಬರೆಯಿರಿ. ತಂಡದ ಸರದಿ ಬಂದಾಗ ಗಡಿಯಾರ ಓಡುತ್ತಿರುತ್ತದೆ, ಕೋಣೆಯಲ್ಲಿ ಕೂತ ಸ್ಕೌಟಿಂಗ್ ನಿರ್ದೇಶಕರಿಗೆ ಓದಲು ಸಮಯ ಸಿಗುವುದು ಆ ಒಂದು ಸಾಲಿಗೆ ಮಾತ್ರ.