ಸೂಟ್‌ಕೇಸ್ ಬೆಲ್ಟ್ ಹತ್ತುವ ಮುನ್ನ: ಸಿಂಗಪುರದಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಮರಳಿ ಪಡೆದ ನನ್ನ ಅನುಭವ

2019ರಲ್ಲಿ ಮೊದಲ ಸಲ ಸಿಂಗಪುರಕ್ಕೆ ಹೋದಾಗ 749 ಸಿಂಗಪುರ ಡಾಲರಿಗೆ ಒಂದು ಕ್ಯಾಮೆರಾ ಲೆನ್ಸ್ ಕೊಂಡಿದ್ದೆ. ಅದಕ್ಕೆ ಪೆಟ್ಟಾಗಬಾರದೆಂದು ಎರಡು ಪಂಚೆಗಳಲ್ಲಿ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ ಇಟ್ಟು, ಚಾಂಗಿ ವಿಮಾನ ನಿಲ್ದಾಣದಲ್ಲಿ ಆ ಸೂಟ್‌ಕೇಸನ್ನು ನಿಶ್ಚಿಂತೆಯಿಂದ ಬೆಲ್ಟಿಗೆ ಏರಿಸಿದೆ. ಇಮಿಗ್ರೇಷನ್ ದಾಟಿದ ಮೇಲೆ ಕೊಂಡ ವಸ್ತುವನ್ನು ದೇಶದಿಂದ ಹೊರಗೊಯ್ಯುವ ಪ್ರವಾಸಿಗರಿಗೆ ಅಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಮರಳಿಸುವ ಯಂತ್ರ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಒತ್ತಿದಾಗ ಹೊರಬಂದ ಚೀಟಿಯಲ್ಲಿ, ವಸ್ತುವನ್ನು ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಬೇಕೆಂದು ಬರೆದಿತ್ತು. ತೋರಿಸಬೇಕಾದ ವಸ್ತು ಅಷ್ಟು ಹೊತ್ತಿಗೆ ಪಂಚೆಯೊಳಗೆ ಬೆಚ್ಚಗೆ ಮಲಗಿ ವಿಮಾನದ ಹೊಟ್ಟೆ ಸೇರುವ ದಾರಿಯಲ್ಲಿತ್ತು. ಆಗ ಅಲ್ಲಿನ ತೆರಿಗೆ ಶೇ 7 ಇದ್ದುದರಿಂದ ನನ್ನ ಬಿಲ್ಲಿನಲ್ಲಿ ಅಡಗಿದ್ದ ತೆರಿಗೆ 49 ಡಾಲರ್, ಅಂದಿನ ದರದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಊರಿನಲ್ಲಿ ಮೂವತ್ತು ವರ್ಷ ಬೇರೆಯವರ ತೆರಿಗೆ ಲೆಕ್ಕ ಬರೆದವನು ತನ್ನದನ್ನೇ ಕಳೆದುಕೊಂಡ ಈ ಕಥೆಯನ್ನು ಮನೆಯವರು ಇಂದಿಗೂ ಬಿಟ್ಟಿಲ್ಲ.

ಹಾಗಾಗಿ 2024ರಲ್ಲಿ ಹೆಂಡತಿಯೊಂದಿಗೆ ಮತ್ತೆ ಹೊರಟಾಗ ನಿಯಮಗಳನ್ನು ಮೊದಲೇ ಓದಿಕೊಂಡೆ. ಆ ವರ್ಷದ ಜನವರಿ 1ರಿಂದ ಅಲ್ಲಿನ ಜಿಎಸ್‌ಟಿ ಶೇ 9ಕ್ಕೆ ಏರಿತ್ತು. ಅಂಗಡಿಯಲ್ಲಿ ಕಾಣುವ ಬೆಲೆಯೊಳಗೇ ಈ ತೆರಿಗೆ ಸೇರಿರುವುದರಿಂದ, ಬೆಲೆಯ ಶೇ 9ರಷ್ಟು ಮರಳಿ ಬರುತ್ತದೆ ಎಂದುಕೊಳ್ಳುವುದು ತಪ್ಪು. ಬೆಲೆಯನ್ನು 109ರಿಂದ ಭಾಗಿಸಿ 9ರಿಂದ ಗುಣಿಸಿದರೆ ಬರುವುದೇ ನಿಜವಾದ ತೆರಿಗೆ. ನಾನು ಕೊಂಡ ಲ್ಯಾಪ್‌ಟಾಪಿನ ಬೆಲೆ 1,635 ಡಾಲರ್, ಅದರಲ್ಲಿ ತೆರಿಗೆ 135. ಕೈಗಡಿಯಾರಕ್ಕೆ 545, ಅದರಲ್ಲಿ 45. ಈ 180 ಡಾಲರಿನಲ್ಲಿ ಎಷ್ಟು ಕೈಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಹಣ ಮರಳುವುದು ವಿಮಾನ ನಿಲ್ದಾಣದಲ್ಲಾದರೂ ಅದು ಮರಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ. ಎಲ್ಲ ಅಂಗಡಿಗಳೂ ಈ ಮರುಪಾವತಿ ಯೋಜನೆಯಲ್ಲಿ ಇರುವುದಿಲ್ಲ, ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಬೇಕು. ಒಂದು ಅಂಗಡಿಯಲ್ಲಿ ತೆರಿಗೆಯೂ ಸೇರಿ ಕನಿಷ್ಠ 100 ಡಾಲರಿನ ಖರೀದಿಯಾಗಿರಬೇಕು. ಅದೇ ಅಂಗಡಿಯಲ್ಲಿ ಅದೇ ದಿನ ಮಾಡಿದ ಖರೀದಿಯಾದರೆ ಗರಿಷ್ಠ ಮೂರು ಬಿಲ್ಲುಗಳನ್ನು ಕೂಡಿಸಿ ಆ ಮೊತ್ತ ಮುಟ್ಟಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ಹೋಟೆಲಿನ ಕೋಣೆಗೆ ಕಾಲಿಟ್ಟ ಕೂಡಲೇ ಪಾಸ್‌ಪೋರ್ಟನ್ನು ಲಾಕರಿಗೆ ಸೇರಿಸಿ ನೆಮ್ಮದಿಯ ಉಸಿರು ಬಿಡುವುದು ನಮ್ಮವರ ಅಭ್ಯಾಸ. ನನ್ನ ಹೆಂಡತಿ ಮಾಡಿದ್ದೂ ಅದನ್ನೇ. ಆರ್ಚರ್ಡ್ ರಸ್ತೆಯ ಒಂದು ಮಳಿಗೆಯಲ್ಲಿ ಅವಳು 48, 37 ಮತ್ತು 29 ಡಾಲರಿನ ಮೂರು ಬಿಲ್ಲುಗಳಲ್ಲಿ ಶಾಂಪೂ, ಕ್ರೀಮುಗಳನ್ನು ಕೊಂಡಾಗ ಒಟ್ಟು 114 ಆಗಿ ಅರ್ಹತೆಯೇನೋ ಬಂತು, ಪಾಸ್‌ಪೋರ್ಟ್ ಮಾತ್ರ ಲಿಟಲ್ ಇಂಡಿಯಾದ ಹೋಟೆಲಿನಲ್ಲಿತ್ತು. ಒಂಬತ್ತು ಡಾಲರ್ ಚಿಲ್ಲರೆ ತೆರಿಗೆಗಾಗಿ ಮೆಟ್ರೋ ಹತ್ತಿ ಹೋಗಿಬರುವುದು ನನಗೆ ವ್ಯರ್ಥವೆನಿಸಿತ್ತು, ಅವಳು ಹೋಗಿಬಂದಳು. ನನ್ನ ಪಾಸ್‌ಪೋರ್ಟಿಗೆ ಸೇರಿಸಿಬಿಡಿ ಎಂದು ನಾನು ಕೇಳಿದ್ದಕ್ಕೆ, ಕೊಂಡವರ ಹೆಸರಿನಲ್ಲೇ ದಾಖಲಾಗಬೇಕೆಂದು ಅಂಗಡಿಯ ಹುಡುಗಿ ನಯವಾಗಿಯೇ ನಿರಾಕರಿಸಿದ್ದಳು.

ಈ ಹೆಸರಿನ ವಿಷಯದಲ್ಲಿ ಇನ್ನೊಂದು ಇಕ್ಕಟ್ಟು ಮನೆಯೊಳಗಿಂದಲೇ ಬಂತು. ನನ್ನ ಅಕ್ಕನ ಮಗ ಅಲ್ಲಿಯೇ ಕೆಲಸದಲ್ಲಿದ್ದಾನೆ. ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಈ ಮರುಪಾವತಿ ಇಲ್ಲ. ಹಿಂದಿನ ಆರು ತಿಂಗಳಲ್ಲಿ ಅಲ್ಲಿ ಉದ್ಯೋಗ ಮಾಡಿದವರಿಗೂ ಇಲ್ಲ. ಹೀಗಾಗಿ ಅವನು, ತನಗೆ ಬೇಕಾದ ಫೋನನ್ನು ಮಾವನ ಪಾಸ್‌ಪೋರ್ಟಿನಲ್ಲಿ ಕೊಂಡರೆ ತೆರಿಗೆ ಉಳಿಯುವುದಲ್ಲವೇ ಎಂದು ಕೇಳಿದ. ವಸ್ತು ನನ್ನೊಂದಿಗೆ ದೇಶ ಬಿಟ್ಟು ಹೋಗಬೇಕೆಂಬುದೇ ಈ ಯೋಜನೆಯ ತಿರುಳು. ಫೋನು ಅವನ ಜೇಬಿನಲ್ಲೇ ಉಳಿದು ಹಣ ನನ್ನ ಖಾತೆಗೆ ಬಂದರೆ ಅದನ್ನು ಉಳಿತಾಯವೆಂದು ಕರೆಯಲಾಗದು. ಆ ಸಂಜೆ ಅವನು ಕೊಂಚ ಮುನಿಸಿಕೊಂಡೇ ಊಟ ಮಾಡಿದ.

ಪ್ರವಾಸದ ಕಂಪನಿಗಳ ಮೂಲಕ ಬರುವವರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಸಿಂಗಪುರ ಮತ್ತು ಮಲೇಷ್ಯಾ ಎರಡನ್ನೂ ಸೇರಿಸಿ ತೋರಿಸುವ ಪ್ರವಾಸಗಳಲ್ಲಿ, ಸಿಂಗಪುರದಿಂದ ಬಸ್ಸಿನಲ್ಲಿ ಗಡಿ ದಾಟಿಸಿ ಕ್ವಾಲಾಲಂಪುರದಿಂದ ವಿಮಾನ ಹತ್ತಿಸುವುದು ಸಾಮಾನ್ಯ. ಆದರೆ ಮರುಪಾವತಿ ದೊರೆಯುವುದು ವಿಮಾನದಲ್ಲಿ, ಇಲ್ಲವೇ ಅಂತಾರಾಷ್ಟ್ರೀಯ ಕ್ರೂಸ್ ಹಡಗಿನಲ್ಲಿ ಸಿಂಗಪುರವನ್ನು ಬಿಡುವವರಿಗೆ ಮಾತ್ರ. ಸೇತುವೆ ದಾಟಿ ಮಲೇಷ್ಯಾದ ಜೊಹೊರ್‌ಗೆ ಹೋಗುವವರಿಗೆ ಇಲ್ಲ. ನಮ್ಮ ಹೋಟೆಲಿನಲ್ಲಿದ್ದ ದಾವಣಗೆರೆಯ ದಂಪತಿಗೆ ಇದು ತಿಳಿದದ್ದು ನನ್ನಿಂದ, ಅದೂ ಅವರು ಚೀಲ ತುಂಬ ಕೊಂಡಾದ ಮೇಲೆ.

ಹೊರಡುವ ಹಿಂದಿನ ರಾತ್ರಿ ಸಾಮಾನು ಕಟ್ಟುವಾಗಲೇ ನಾನು ವಸ್ತುಗಳನ್ನು ಎರಡು ಪಾಲು ಮಾಡಿದೆ. ಲ್ಯಾಪ್‌ಟಾಪ್ ಮತ್ತು ಗಡಿಯಾರ ಕೈಚೀಲಕ್ಕೆ ಹೋದವು. ಹೆಂಡತಿಯ ಶಾಂಪೂ ಬಾಟಲಿಗಳು 100 ಮಿಲಿಲೀಟರಿಗಿಂತ ದೊಡ್ಡವಾದ್ದರಿಂದ ಸೂಟ್‌ಕೇಸಿನಲ್ಲೇ ಹೋಗಬೇಕಿತ್ತು. ಅವನ್ನು ಮುಚ್ಚಳ ತೆಗೆದ ಕೂಡಲೇ ಕಾಣುವಂತೆ ಮೇಲೆಯೇ ಇಟ್ಟೆವು. ಸೂಟ್‌ಕೇಸಿಗೆ ಹೋಗುವ ವಸ್ತುಗಳಿಗೆ ಚೆಕ್‌-ಇನ್ ಹಾಲಿನಲ್ಲಿ, ಸೂಟ್‌ಕೇಸ್ ಒಪ್ಪಿಸುವ ಮೊದಲೇ ಅರ್ಜಿ ಹಾಕಬೇಕು. ಕೈಯಲ್ಲಿ ಒಯ್ಯುವವಕ್ಕೆ ಇಮಿಗ್ರೇಷನ್ ದಾಟಿದ ಮೇಲೆ ಒಳಗಿನ ಯಂತ್ರದಲ್ಲಿ ಹಾಕಬೇಕು. 2019ರಲ್ಲಿ ನನ್ನನ್ನು ಕೆಡವಿದ್ದು ಈ ಒಂದು ವ್ಯತ್ಯಾಸವೇ. ಖರೀದಿಸಿದ ದಿನದಿಂದ ಎರಡು ತಿಂಗಳೊಳಗೆ ಅರ್ಜಿ ಹಾಕಬೇಕು, ಅದು ಮಂಜೂರಾದ 12 ಗಂಟೆಯೊಳಗೆ ವಿಮಾನ ಏರಬೇಕು ಎಂಬ ಗಡುವುಗಳೂ ಇವೆಯಾದರೂ, ಸಾಮಾನ್ಯ ಪ್ರವಾಸಿಗೆ ಅವು ತೊಡಕಾಗುವುದಿಲ್ಲ.

ಚೆಕ್‌-ಇನ್ ಹಾಲಿನಲ್ಲಿ ಹೆಂಡತಿ ಪಾಸ್‌ಪೋರ್ಟನ್ನು ಯಂತ್ರದ ಗಾಜಿನ ಮೇಲಿಟ್ಟಳು. ಷರತ್ತುಗಳಿಗೆ ಒಪ್ಪಿಗೆ ಒತ್ತಿದ ಮೇಲೆ ಅವಳ ಖರೀದಿ ತಾನಾಗಿ ಪರದೆಯ ಮೇಲೆ ಮೂಡಿತು, ಅವಳು ನಗದು ಆರಿಸಿಕೊಂಡಳು, ಮಂಜೂರಾದ ಚೀಟಿ ಬಂತು. ಐದು ನಿಮಿಷವೂ ಹಿಡಿಯಲಿಲ್ಲ. ಅದಾದ ಮೇಲೆಯೇ ಸೂಟ್‌ಕೇಸ್ ಬೆಲ್ಟ್ ಹತ್ತಿತು.

ಒಳಗೆ ನನ್ನ ಸರದಿ ಬಂದಾಗ ಚೀಟಿ ಮತ್ತೆ ಕಸ್ಟಮ್ಸ್ ಕೌಂಟರಿಗೇ ಕಳಿಸಿತು. ಈ ಸಲ ಎದೆ ಹೊಡೆದುಕೊಳ್ಳಲಿಲ್ಲ. ಕೌಂಟರಿನಲ್ಲಿದ್ದ ಮಹಿಳೆ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಮೂಲ ಬಿಲ್ಲು, ವಸ್ತುಗಳು, ಹೀಗೆ ನಾಲ್ಕನ್ನೂ ಕೇಳಿದರು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಕೆತ್ತಿದ್ದ ಸೀರಿಯಲ್ ಸಂಖ್ಯೆಯ ಮೇಲೆ ಬೆರಳಿಟ್ಟು, ಬಿಲ್ಲಿನಲ್ಲಿದ್ದ ಸಂಖ್ಯೆಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಿದರು. ಭಾರ ಕಡಿಮೆಯಾಗಲೆಂದು ಡಬ್ಬವನ್ನು ಹೋಟೆಲಿನಲ್ಲೇ ಬಿಟ್ಟುಬಂದಿದ್ದ ನನಗೆ ಅದೊಂದು ಅಳುಕು ಇತ್ತು, ಅವರು ಆ ಬಗ್ಗೆ ಕೇಳಲೇ ಇಲ್ಲ. ಬಿಲ್ಲನ್ನು ಮಾತ್ರ ನಾನು ಮಡಚದೆ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಉಷ್ಣಕಾಗದದ ಬಿಲ್ಲುಗಳು ಜೇಬಿನ ಬೆವರಿಗೆ ಅಳಿಸಿಹೋಗುವುದನ್ನು ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಈಗ ಹಣದ ಮಾತು. ಅನೇಕ ಅಂಗಡಿಗಳು ಮರುಪಾವತಿಯ ಕೆಲಸವನ್ನು ಏಜೆನ್ಸಿಗಳಿಗೆ ಒಪ್ಪಿಸಿರುತ್ತವೆ, ಆ ಏಜೆನ್ಸಿಗಳು ಸೇವಾಶುಲ್ಕ ಮುರಿದುಕೊಂಡು ಉಳಿದದ್ದನ್ನು ಕೊಡುತ್ತವೆ. ನನ್ನ 180 ಡಾಲರಿನಲ್ಲಿ ಹೀಗೆ 32 ಡಾಲರ್ ಹೋಗಿ 148 ಉಳಿಯಿತು. ಕಟ್ಟಿದ ತೆರಿಗೆಯೆಲ್ಲ ಮರಳುತ್ತದೆ ಎಂಬ ಲೆಕ್ಕದಲ್ಲಿ ದುಬಾರಿ ವಸ್ತು ಕೊಳ್ಳುವವರು ಈ ಕಡಿತವನ್ನು ಮೊದಲೇ ಕಳೆದು ನೋಡುವುದು ಒಳ್ಳೆಯದು. ಹೆಂಡತಿಗೆ ಒಳಗಿನ ಮರುಪಾವತಿ ಕೌಂಟರಿನಲ್ಲಿ ಆರು ಡಾಲರ್ ಚಿಲ್ಲರೆ ನಗದಾಗಿ ಸಿಕ್ಕಿತು. ನಾನು ಕ್ರೆಡಿಟ್ ಕಾರ್ಡ್ ಆರಿಸಿಕೊಂಡಿದ್ದೆ, ಅದಕ್ಕೆ ಹತ್ತು ದಿನಗಳ ಅವಧಿ ಹೇಳಿದ್ದರು.

ತೆರಿಗೆ ಮರಳಿತೆಂದು ಹಿಗ್ಗುವ ಮೊದಲು ನಮ್ಮ ಕಡೆಯ ಕಸ್ಟಮ್ಸನ್ನೂ ನೆನೆಯಬೇಕು. ನಾವು ಹೋದ ವರ್ಷ, ಸಿಂಗಪುರದಿಂದ ಮರಳುವ ಭಾರತೀಯ ನಿವಾಸಿಗೆ 50,000 ರೂಪಾಯಿ ಮೌಲ್ಯದ ವಸ್ತುಗಳವರೆಗೆ ಸುಂಕವಿರಲಿಲ್ಲ; 18 ತುಂಬಿದವರಿಗೆ ಅದರ ಹೊರತಾಗಿ ಒಂದು ಲ್ಯಾಪ್‌ಟಾಪಿಗೂ ವಿನಾಯಿತಿ ಇತ್ತು. ಮಿತಿ ಮೀರಿದ ಮೊತ್ತಕ್ಕೆ ಶೇ 38.5 ಸುಂಕ. ಗಂಡಹೆಂಡಿರ ಮಿತಿಗಳನ್ನು ಒಟ್ಟುಗೂಡಿಸುವಂತಿರಲಿಲ್ಲ. ನನ್ನ ಗಡಿಯಾರದ ಬೆಲೆ ಸುಮಾರು 34,000 ರೂಪಾಯಿ ಆಗುತ್ತಿದ್ದುದರಿಂದಲೇ, ಕಣ್ಣಿಗೆ ಬಿದ್ದಿದ್ದ ಇನ್ನೂ ದುಬಾರಿಯ ಒಂದನ್ನು ಬಿಟ್ಟುಬಂದಿದ್ದೆ. ಅಲ್ಲಿ ಶೇ 9 ಬಿಡಿಸಿಕೊಂಡು ಇಲ್ಲಿ ಶೇ 38.5 ಕಟ್ಟುವುದು ಯಾವ ಲೆಕ್ಕದ ಪುಸ್ತಕದಲ್ಲೂ ಲಾಭವಾಗಿ ಕೂರುವುದಿಲ್ಲ. ಪ್ರಸಂಗಕ್ಕೆ ಬಂದದ್ದರಿಂದ ಹೇಳುತ್ತೇನೆ: ನಮ್ಮ 2017ರ ಸಮಗ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮಿನಲ್ಲಿಯೂ ವಿದೇಶಿ ಪ್ರವಾಸಿಗರಿಗೆ ಇಂತಹುದೇ ಮರುಪಾವತಿಯ ಮಾತಿದೆ. ಆದರೆ ಆ ವರ್ಷದ ಜುಲೈ 1ರಂದು ಕಾಯ್ದೆಯ ಬಹುತೇಕ ಕಲಮುಗಳು ಜಾರಿಗೆ ಬಂದಾಗ ಇದು ಆ ಪಟ್ಟಿಯಲ್ಲಿ ಇರಲಿಲ್ಲ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಸುಂಕ ಕಟ್ಟಬೇಕಾದ್ದೇನೂ ಇಲ್ಲದವರು ಹೋಗುವ ಹಸಿರು ದಾರಿಯಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ಏಳನೆಯ ದಿನ ಕಾರ್ಡಿಗೆ 9,200 ರೂಪಾಯಿ ಚಿಲ್ಲರೆ ಜಮೆಯಾದ ಸಂದೇಶ ಬಂತು. ಅದನ್ನು ಹೆಂಡತಿಗೆ ತೋರಿಸಿದಾಗ ಅವಳು, 2019ರ ಎರಡೂವರೆ ಸಾವಿರ ಕಳೆದೆಯಾ ಎಂದು ಕೇಳಿದಳು.